ಓದಿ ಹೇಳದ ಅರ್ಜಿ

ಜುಲೈ ೭, ಸೋಮವಾರ

ಈ ಪುಸ್ತಕವನ್ನು ಮನಸ್ಸು ಹಗುರ ಮಾಡಿಕೊಳ್ಳಲೆಂದು ತೆರೆದಿಲ್ಲ. ನನ್ನ ಮನಸ್ಸು ಭಾರವಾಗಿಲ್ಲ. ಇದು ಸಾಕ್ಷ್ಯ ಸಂಗ್ರಹ. ಕಂಡದ್ದನ್ನು ಕಂಡಂತೆ, ದಿನಾಂಕ ಸಹಿತ ಬರೆದಿಡುತ್ತೇನೆ. ಸಮಯ ಬಂದಾಗ ಪ್ರಿನ್ಸಿಪಾಲರ ಮೇಜಿನ ಮೇಲೆ ಇಡುತ್ತೇನೆ.

ಐದು ಸೆಮಿಸ್ಟರ್, ಐದೂ ಬಾರಿ ಮೊದಲ ಸ್ಥಾನ ನನ್ನದು. ಹೆಮ್ಮೆಗಾಗಿ ಹೇಳುತ್ತಿಲ್ಲ, ಕಚೇರಿಯ ಪಕ್ಕದ ಫಲಕದಲ್ಲಿ ಯಾರು ಬೇಕಾದರೂ ಓದಬಹುದು. ಈ ಆರನೆಯದೂ ನನ್ನದಾದರೆ ಚಿನ್ನದ ಪದಕ. ತರಗತಿಯಲ್ಲಿ ನನ್ನನ್ನು ರ‍್ಯಾಂಕಮ್ಮ ಎಂದು ಕರೆಯುತ್ತಾರೆ. ಅಸೂಯೆಯಿಂದ ಇಟ್ಟ ಹೆಸರು, ಆದರೂ ಸುಳ್ಳು ಹೆಸರಲ್ಲ.

ಇಂದು ಬೆಳಿಗ್ಗೆ ಎಂಟೂವರೆಗೆ ಸಾರ್ವಜನಿಕ ನೀತಿಯ ಮೊದಲ ತರಗತಿ. ಹೊಸ ಮೇಡಂ ನಮಗಿಂತ ಮೊದಲೇ ಬಂದು ಕುರ್ಚಿಗಳನ್ನೆಲ್ಲ ಎಳೆದು ವೃತ್ತಾಕಾರದಲ್ಲಿ ಜೋಡಿಸಿದ್ದರು. ಮೂರು ವರ್ಷದಿಂದ ನಾನು ಕೂರುತ್ತಿದ್ದ ಮುಂದಿನ ಸಾಲಿನ ಎಡತುದಿ ಎಲ್ಲಿ ಹೋಯಿತೆಂದು ಹುಡುಕಿದೆ. ವೃತ್ತದಲ್ಲಿ ಮುಂದು ಹಿಂದು ಎಂಬುದಿಲ್ಲವಂತೆ.

"ಮೇಡಂ, ನೋಟ್ಸ್ ಯಾವಾಗ ಬರೆಸ್ತೀರಿ?" ಎಂದು ಕೇಳಿದೆ.

"ಯಾಕೆ ಬೇಕು?"

"ಪರೀಕ್ಷೆಗೆ."

"ಪರೀಕ್ಷೇಲಿ ನನ್ನ ವಾಕ್ಯನ ಯಾಕೆ ಬರೀಬೇಕು? ನಿಮ್ಮದು ಇಲ್ವಾ?"

ಎಲ್ಲರೂ ನಕ್ಕರು. ಗಂಟೆ ಮುಗಿಯುವುದರೊಳಗೆ ಅವರಿಗೆ 'ಯಾಕೆ ಮೇಡಂ' ಎಂಬ ಹೆಸರು ಬಿದ್ದಿತ್ತು. ನಾನು ನಗಲಿಲ್ಲ. ಬರೆದುಕೊಂಡ ಪುಟಗಳು: ಸೊನ್ನೆ.

ಜುಲೈ ೯, ಬುಧವಾರ

ಯಾಕೆ ಮೇಡಂ ಒಂದು ನಿಯಮ ತಂದಿದ್ದಾರೆ. ಯಾರಿಗಾದರೂ ಉತ್ತರ ಕೊಡಬೇಕಾದರೆ ಮೊದಲು ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಅದೇ" ಎಂದರೆ ಮಾತ್ರ ನಮ್ಮ ವಾದಕ್ಕೆ ಅವಕಾಶ. ಇಲ್ಲವಾದರೆ ಮತ್ತೆ ಕೇಳಿ, ಮತ್ತೆ ಹೇಳಬೇಕು.

ಈ ಸೆಮಿಸ್ಟರಿನ ಚರ್ಚೆಗೆ ಎತ್ತಿಕೊಂಡ ಪ್ರಶ್ನೆ, ಕಾಲೇಜಿನದೇ ಹಾಜರಿ ನಿಯಮ: ಶೇಕಡ ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಿಯಮ ಸರಿಯೇ, ತಪ್ಪೇ? ಕೊನೆಯಲ್ಲಿ ತರಗತಿಯ ತೀರ್ಮಾನವನ್ನು ಪ್ರಿನ್ಸಿಪಾಲರಿಗೆ ಕೊಡುವುದಂತೆ. ನಾನು ನಿಯಮದ ಪರ. ನನ್ನ ಹಾಜರಿ ಶೇಕಡ ನೂರು.

ಎಂಟು ಐವತ್ತಕ್ಕೆ ಎಂದಿನಂತೆ ತಡವಾಗಿ ಆಮೆ ಬಂದಳು. ಅವಳ ಹೆಸರನ್ನು ಎಲ್ಲರೂ ಮರೆತಿದ್ದಾರೆ. ನಡೆಯುವುದೂ ನಿಧಾನ, ಮಾತೂ ನಿಧಾನ. ಬೆಳಿಗ್ಗೆ ಐದರಿಂದ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಚಾದರಕ್ಕೆ ಇಸ್ತ್ರಿ ಹಾಕಿ ಬರುತ್ತಾಳೆ. ಮೂರು ವರ್ಷದಲ್ಲಿ ತರಗತಿಯೊಳಗೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ. ಇಂದು ನಿಯಮದ ಬಗ್ಗೆ ಎರಡು ನಿಮಿಷ ಏನೋ ಹೇಳಿದಳು. ನಾನು ತಕ್ಷಣ ಎದ್ದೆ.

"ಕೆಲಸ ಮಾಡೋ ವಿದ್ಯಾರ್ಥಿಗಳಿಗೆ ರಿಯಾಯಿತಿ ಬೇಕು ಅಂತ ಇವಳ ವಾದ. ಇದಕ್ಕೆ ನನ್ನ ಉತ್ತರ..."

"ನಿಲ್ಲಿ," ಎಂದರು ಮೇಡಂ. "ಮೊದಲು ಅವರನ್ನ ಕೇಳಿ."

ಆಮೆ ನನ್ನನ್ನು ನೋಡಿದಳು. "ಇಲ್ಲ. ನಾನು ಹಾಗೆ ಹೇಳಲಿಲ್ಲ."

ಐನೂರು ಪುಟದ ಪುಸ್ತಕವನ್ನು ಅಲ್ಪವಿರಾಮ ತಪ್ಪದಂತೆ ಒಪ್ಪಿಸಬಲ್ಲವಳಿಗೆ ಲಾಂಡ್ರಿಯ ಹುಡುಗಿಯ ಎರಡು ನಿಮಿಷದ ಮಾತು ಹೇಳಲು ಬರಲಿಲ್ಲವೆಂದು ಇಡೀ ತರಗತಿ ನೋಡಿತು. ಅವಳಿಗೆ ಸ್ಪಷ್ಟವಾಗಿ ಹೇಳಲು ಬರುವುದಿಲ್ಲ, ದೋಷ ಅಲ್ಲಿದೆ.

ಜುಲೈ ೧೪, ಸೋಮವಾರ

ಎರಡನೆಯ ಸಲ. "ನಿಯಮ ಬಡವರಿಗೆ ಅನ್ಯಾಯ ಮಾಡುತ್ತದೆ ಎಂಬುದು ಅವಳ ನಿಲುವು" ಎಂದೆ. ನಿಜಕ್ಕೂ ಉದಾರವಾಗಿಯೇ ಹೇಳಿದ್ದೆ.

"ಇಲ್ಲ. ನಾನು ಹಾಗೂ ಹೇಳಲಿಲ್ಲ."

"ಮತ್ತೇನೇ ಹೇಳಿದ್ದು?"

"ಹೇಳಿದ್ನಲ್ಲ. ನೀನು ಆಗ ಬರೀತಾ ಇದ್ದೆ."

ಮನೆಯಲ್ಲಿ ಇದನ್ನು ಹೇಳಿದ್ದು ತಪ್ಪಾಯಿತು. ಅಪ್ಪ ಕೋರ್ಟಿನ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುವವರು. ಮೂವತ್ತು ವರ್ಷದ ಕಸುಬು. ಮೇಡಂ ಅವರ ನಿಯಮ ಕೇಳಿ ಅಪ್ಪ ಗೊಣಗುತ್ತಾರೆಂದುಕೊಂಡೆ. ಅವರ ಮುಖ ಅರಳಿತು.

"ಅದು ನಮ್ಮ ಕಸುಬಿನ ಮೊದಲ ಪಾಠ ಕಣೇ ಪುಟ್ಟಿ! ಟೈಪ್ ಮಾಡಿದ ಮೇಲೆ ಅರ್ಜಿದಾರನಿಗೆ ಓದಿ ಹೇಳ್ಬೇಕು. 'ಇದೇ ತಾನೇ ನೀನು ಹೇಳಿದ್ದು?' ಅಂತ ಕೇಳ್ಬೇಕು. ಹೌದು ಅಂದ ಮೇಲೇ ಸಹಿ. ಓದಿ ಹೇಳದೆ ಸಹಿ ಹಾಕಿಸ್ಕೊಂಡ್ರೆ ಅದು ಅರ್ಜಿ ಅಲ್ಲ, ಕಳ್ಳತನ."

"ಅಪ್ಪ, ಇದು ಕಾಲೇಜು. ಕೋರ್ಟಿನ ಮರ ಅಲ್ಲ."

"ಮರಕ್ಕೆ ಡಿಗ್ರಿ ಇಲ್ಲ ಅಂತ ಹೀಗಳೀಬೇಡ," ಎಂದಳು ಅಮ್ಮ. "ಈ ಮಹಾರಾಣಿಗೆ ಮೂರು ವರ್ಷ ಫೀಸ್ ಕಟ್ಟಿದ್ದು ಅದೇ ಮರ."

ಜುಲೈ ೧೮, ಶುಕ್ರವಾರ

ನೋಟ್ಸ್: ಸೊನ್ನೆ ಪುಟ. ಐದು ಘಟಕಗಳಲ್ಲಿ ಮುಗಿದದ್ದು: ಸೊನ್ನೆ. ಪರೀಕ್ಷೆಗೆ ಉಳಿದ ವಾರಗಳು: ಹದಿನಾಲ್ಕು.

ಜುಲೈ ೨೪, ಗುರುವಾರ

ಅರ್ಜಿ ಸಿದ್ಧ. ಮೂರು ಪ್ಯಾರಾ. ಒಂದು: ಪಠ್ಯ ಮುಂದೆ ಹೋಗಿಲ್ಲ. ಎರಡು: ನೋಟ್ಸ್ ಇಲ್ಲ. ಮೂರು: ಪರೀಕ್ಷೆಯ ಸ್ವರೂಪ ಬದಲಾಗದೆ ಬೋಧನೆಯ ಸ್ವರೂಪ ಮಾತ್ರ ಬದಲಾದರೆ ನಷ್ಟ ವಿದ್ಯಾರ್ಥಿಗೆ; ಆದ್ದರಿಂದ ನೋಟ್ಸ್ ಕೊಡಿಸಬೇಕು. ಒಂದು ಪದವೂ ಹೆಚ್ಚಿಲ್ಲ. ನನ್ನ ಗದ್ಯಕ್ಕೆ ನಾನೇ ತಲೆದೂಗಿದೆ.

ಸಂಜೆ ಅಪ್ಪ ಮೇಜಿನ ಮೇಲೆ ಯಂತ್ರ ಇಟ್ಟು ಟೈಪ್ ಮಾಡಿದರು. ಮಗಳೆಂಬ ರಿಯಾಯಿತಿ ಇಲ್ಲ. ಕನ್ನಡಕ ಏರಿಸಿ ಪೂರ್ತಿ ಓದಿ ಹೇಳಿದರು.

"ಇದೇ ತಾನೇ ನೀನು ಹೇಳಿದ್ದು?"

"ನಾನೇ ಬರೆದದ್ದಪ್ಪ!"

"ಬರೆದಿದ್ದು ಬೇರೆ, ಹೇಳಿದ್ದು ಬೇರೆ. ಹೌದೋ ಅಲ್ವೋ?"

"ಹೌದು."

ಆಮೇಲೇ ಕಾಗದ ಕೈಗೆ ಬಂತು. ಕಾರ್ಬನ್ ಪ್ರತಿಯನ್ನು ಮಡಿಸಿ ಈ ಪುಸ್ತಕದೊಳಗಿಟ್ಟರು. "ಅಸಲು ಕೊಟ್ಟವನು ನಕಲು ಇಟ್ಕೋಬೇಕು."

ಜುಲೈ ೨೮, ಸೋಮವಾರ

ತರಗತಿಯಲ್ಲಿ ನಾವು ನಲವತ್ತಮೂರು ಜನ. ಬಿಡುವಿನ ಹದಿನೈದು ನಿಮಿಷದಲ್ಲಿ ನನ್ನದೂ ಸೇರಿ ನಲವತ್ತೆರಡು ಸಹಿಗಳಾದವು. "ರ‍್ಯಾಂಕಮ್ಮ ಬರೆದಿದ್ದಾಳೆ ಅಂದ್ರೆ ಸರಿಯಾಗೇ ಇರುತ್ತೆ ಬಿಡು" ಎನ್ನುತ್ತ ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಾಗದವಿಟ್ಟು ಹಾಕಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆದರೆ ಇಂದು ನನಗೆ ಅನುಕೂಲವೇ.

ಆಮೆ ಮಾತ್ರ ಕಾಗದ ಹಿಡಿದು ನಿಂತಳು. "ಓದಿ ಹೇಳ್ತೀಯಾ?"

"ನಿನಗೆ ಓದೋಕೆ ಬರಲ್ವಾ?"

"ಬರುತ್ತೆ. ನಿನ್ನ ಬಾಯಲ್ಲಿ ಕೇಳೋಣ ಅಂತ."

"ಗಂಟೆ ಹೊಡೀತು ಕಣೇ. ಹಾಕೋದಾದ್ರೆ ಹಾಕು."

ಹಾಕಲಿಲ್ಲ. ಬೇಡ. ನಲವತ್ತೆರಡು ಸಾಕು.

ಪ್ರಿನ್ಸಿಪಾಲರು ಕುರ್ಚಿ ತೋರಿಸಿ ಕೂರಿಸಿದರು. ನನ್ನ ಭಾಷೆಯನ್ನು ಮೆಚ್ಚಿದರು. "ಮಕ್ಕಳ ಕೈಲಿ ಕಾಲೇಜಿನ ನಿಯಮದ ಮೇಲೆ ಪಂಚಾಯ್ತಿ ಮಾಡಿಸ್ತಿದಾರಂತಲ್ಲ?" ಎಂದು ಕೇಳಿದರು. "ಚರ್ಚೆ ಸರ್," ಎಂದೆ. "ಅದೇ ಅದೇ," ಎಂದರು. ದಿನಾಂಕವಾರು ದಾಖಲೆಯೂ ನನ್ನಲ್ಲಿದೆ ಎಂದಾಗ ಅವರ ಕಣ್ಣು ಹೊಳೆಯಿತು.

ಆಗಸ್ಟ್ ೫, ಮಂಗಳವಾರ

ಆಮೆ ಇಂದು ತಡವಾಗಿಯೂ ಬರಲಿಲ್ಲ. ಸಾಲಿನಲ್ಲಿ ಖಾಲಿ ಕುರ್ಚಿ ಕಾಣುವುದಿಲ್ಲ. ವೃತ್ತದಲ್ಲಿ ಅದು ಬಿದ್ದ ಹಲ್ಲಿನ ಜಾಗದಂತೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ನಿನ್ನೆ ಸಂಜೆಯಿಡೀ ಕೂತು ಅವಳಿಗೆಂದೇ ಮೂರು ವಾದ ಹೆಣೆದಿದ್ದೆ. ಬೇರೆ ದಾರಿಯಿಲ್ಲದೆ ಉಳಿದವರ ಮುಂದೆ ಇಟ್ಟೆ. ಎಲ್ಲರೂ ಒಪ್ಪಿಬಿಟ್ಟರು. ಹತ್ತೇ ನಿಮಿಷದಲ್ಲಿ ಗೆದ್ದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಆಮೇಲೆ ಯಾರಿಗೂ ಮಾತೇ ಇಲ್ಲ. ಮೇಡಂ ಕೂಡ ಸುಮ್ಮನೆ ಕೂತರು. ಎಂಟು ಐವತ್ತರಿಂದ ಒಂಬತ್ತೂ ಕಾಲರೊಳಗೆ ನಾಲ್ಕು ಸಲ ಬಾಗಿಲ ಕಡೆ ನೋಡಿದೆ.

ಸಾಕ್ಷ್ಯಕ್ಕಾಗಿ ಗುರುತಿಸಬೇಕಾದ ಅಂಶ: ಒಬ್ಬಳು ಬಾರದಿದ್ದರೆ ಕುಂಟುವ ತರಗತಿ ಇದು. ಬೋಧನಾ ವಿಧಾನದ ದೋಷ. ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಆಗಸ್ಟ್ ೬, ಬುಧವಾರ

ಬಂದಿದ್ದಾಳೆ. ಲಾಂಡ್ರಿಯಲ್ಲಿ ಇನ್ನೊಬ್ಬಾಕೆ ರಜೆ ಹಾಕಿದ್ದರಿಂದ ಎರಡು ಪಾಳಿ ಮಾಡಬೇಕಾಯಿತಂತೆ. ಇವಳ ಹಾಜರಿ ಈಗ ಶೇಕಡ ಅರವತ್ತೆಂಟು. ಹೀಗೇ ಹೋದರೆ ಪರೀಕ್ಷೆ ಇಲ್ಲ.

ಮೂರನೆಯ ಪ್ರಯತ್ನ: "ನಿಯಮವನ್ನೇ ತೆಗೀಬೇಕು ಅಂತ ಅವಳ ಅಭಿಪ್ರಾಯ."

"ಇಲ್ಲ. ನಿಯಮ ಇರ್ಲಿ ಅಂತ ಮೊದಲ ದಿನವೇ ಹೇಳಿದೆ."

ನಿಯಮದಿಂದ ಪೆಟ್ಟು ತಿನ್ನುವವಳೇ ನಿಯಮ ಇರಲಿ ಎನ್ನುತ್ತಾಳೆ! ಹೊರಗೆ ಮೆಟ್ಟಿಲ ಮೇಲೆ ಹಿಡಿದು ಕೇಳಿದೆ: "ಹಾಗಾದ್ರೆ ನಿನಗೆ ಬೇಕಾಗಿರೋದು ಏನು ಮಾರಾಯ್ತಿ?"

"ಅರ್ಜೆಂಟಾ?" ಎಂದಳು. "ಒಂಬತ್ತೂ ಮುಕ್ಕಾಲಿಗೆ ನಿನಗೆ ಮುಂದಿನ ಕ್ಲಾಸಿದೆ. ಓಡು."

ಓಡಿದೆ. ಆ ತರಗತಿಯಲ್ಲಿ ಹನ್ನೊಂದು ಪುಟ ಬರೆದುಕೊಂಡೆ. ಯಾವುದರ ಬಗ್ಗೆ ಎಂದು ಈಗ ನೆನಪಾಗುತ್ತಿಲ್ಲ; ಪುಸ್ತಕ ನೋಡಬೇಕು.

ಆಗಸ್ಟ್ ೨೦, ಬುಧವಾರ

ಸೆಪ್ಟೆಂಬರ್ ನಾಲ್ಕಕ್ಕೆ ವಿಚಾರಣೆ. ಮೇಡಂ ಅವರೂ ಇರುತ್ತಾರೆ. ಪ್ರಿನ್ಸಿಪಾಲರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. "ಪದಕಕ್ಕೆ ಅಂಕ ಒಂದೇ ಸಾಲಲ್ಲಮ್ಮ, ನಡತೆ ಚೆನ್ನಾಗಿದೆ ಅಂತ ನನ್ನ ಶಿಫಾರಸೂ ಪರೀಕ್ಷೆಗೆ ಮೊದಲೇ ಹೋಗ್ಬೇಕು. ನೀನು ಯೋಚನೆ ಮಾಡ್ಬೇಡ."

ಯೋಚನೆ ಮಾಡುತ್ತಿರಲಿಲ್ಲ. ಅವರು ಬೇಡವೆಂದ ಮೇಲೆ ಶುರುವಾಗಿದೆ.

ಸೆಪ್ಟೆಂಬರ್ ೩, ಬುಧವಾರ

ನಾಳೆಗೆ ಸಿದ್ಧತೆಯೆಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಸಾಕ್ಷ್ಯಕ್ಕೆ ಯೋಗ್ಯವಾಗಿಲ್ಲ. 'ಏನನ್ನೂ ಕಲಿಸುವುದಿಲ್ಲ' ಎಂದು ತೋರಿಸಬೇಕಾದ ದಾಖಲೆಯ ತುಂಬ ಯಾರು ಏನು ಹೇಳಿದರು, ಯಾರು ಏನು ಹೇಳಲಿಲ್ಲ ಎಂಬುದೇ ಇದೆ. ವಿಷಯಾಂತರ ವಿಪರೀತ. ಶಿಸ್ತು ಕಡಿಮೆಯಾಗಿದೆ.

ಕಾರ್ಬನ್ ಪ್ರತಿ ಮಾತ್ರ ಒಯ್ಯುತ್ತೇನೆ.

ಸೆಪ್ಟೆಂಬರ್ ೪, ಗುರುವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಪ್ರಿನ್ಸಿಪಾಲರ ಕೊಠಡಿ. ಉದ್ದ ಮೇಜಿನ ಆಚೆ ಅವರು, ಪಕ್ಕದಲ್ಲಿ ವಿಭಾಗದ ಮುಖ್ಯಸ್ಥರು, ಬರೆದುಕೊಳ್ಳಲು ಕಚೇರಿಯ ಗುಮಾಸ್ತೆ. ಈಚೆ ಒಂದು ತುದಿಗೆ ಯಾಕೆ ಮೇಡಂ, ಇನ್ನೊಂದಕ್ಕೆ ನಾನು. ಮೇಡಂ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

ಪ್ರಿನ್ಸಿಪಾಲರು ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಮೊದಲ ಮೂರು ಪ್ಯಾರಾ ನನ್ನವೇ, ಕೇಳಲು ಚೆನ್ನಾಗಿದ್ದವು. ಆಮೇಲೆ ಓದುವುದು ನಿಲ್ಲಲಿಲ್ಲ.

"'ಸದರಿ ಅಧ್ಯಾಪಕಿಯು ಹಾಜರಿ ನಿಯಮದ ವಿರುದ್ಧ ವಿದ್ಯಾರ್ಥಿಗಳನ್ನು ಎತ್ತಿಕಟ್ಟಿ ಕಾಲೇಜಿನ ಶಿಸ್ತನ್ನು ಕೆಡಿಸುತ್ತಿರುವುದರಿಂದ ಅವರನ್ನು ಕೂಡಲೇ ಸೇವೆಯಿಂದ ಬಿಡುಗಡೆ ಮಾಡಬೇಕೆಂದು ನಲವತ್ತೆರಡು ವಿದ್ಯಾರ್ಥಿಗಳ ಪರವಾಗಿ ಕೋರುತ್ತೇನೆ.'"

"ಸರ್, ನಾನು ಹಾಗೆ ಹೇಳಲಿಲ್ಲ."

ಬಾಯಿಂದ ಹೊರಬಿದ್ದ ಮೇಲೆ, ಈ ವಾಕ್ಯವನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಆಗ ಅದನ್ನು ಹುಡುಕುತ್ತ ಕೂರಲು ಸಮಯವಿರಲಿಲ್ಲ.

"ಇದು ನಿನ್ನ ಅರ್ಜಿ ಅಲ್ವೇನಮ್ಮ?"

"ಸಹಿ ನನ್ನದು ಸರ್. ಕೊನೇ ಮಾತು ನನ್ನದಲ್ಲ."

"ಆಫೀಸಲ್ಲಿ ನಮೂನೆಗೆ ತಕ್ಕ ಹಾಗೆ ಸ್ವಲ್ಪ ಸರಿಮಾಡಿ ಟೈಪ್ ಮಾಡ್ಸಿ, ನಿಮ್ಮ ಸಹಿ ಹಾಳೆ ಸೇರಿಸಿದ್ವಿ. ಸಾರಾಂಶ ಅದೇ ಅಲ್ವಾ?"

ಕಾರ್ಬನ್ ಪ್ರತಿಯನ್ನು ಬಿಡಿಸಿ ಮೇಜಿನ ಮೇಲಿಟ್ಟೆ. "ನಾನು ಕೊಟ್ಟಿದ್ದು ಮೂರು ಪ್ಯಾರಾ. ನಿಮ್ಮ ಹತ್ರ ನಾಲ್ಕಿದೆ. ಈ ನಾಲ್ಕನೇದು ಯಾರ ಮನೆ ಮಗು ಸರ್?"

ಮುಖ್ಯಸ್ಥರಿಗೆ ಕೆಮ್ಮು ಬಂತು. ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿ, ಬರೆಯಬೇಕೋ ಬೇಡವೋ ಎಂದು ಮೇಲೆ ನೋಡಿದ.

"ನೋಡಮ್ಮ," ಪ್ರಿನ್ಸಿಪಾಲರ ದನಿ ತಗ್ಗಿತು. "ನೀನು ಬುದ್ಧಿವಂತೆ. ಪದಕದ ಶಿಫಾರಸು ಈ ಮೇಜಿಂದಲೇ ಹೋಗೋದು. ಸಣ್ಣ ಮಾತಿಗೆ ದೊಡ್ಡದು ಕಳ್ಕೋಬೇಡ."

ಇದುವರೆಗೆ ನನ್ನ ಉತ್ತರಪತ್ರಿಕೆಯಲ್ಲಿ ಯಾರೂ ಒಂದು ಪದ ಸೇರಿಸಿಲ್ಲ. ಯಾರಿಗೂ ಆ ಅಗತ್ಯ ಬಂದಿಲ್ಲ. ನನ್ನ ಹೆಸರಿನ ಮೇಲೆ ಬೇರೊಬ್ಬರ ವಾಕ್ಯ, ಅದೂ ಅಷ್ಟು ಕೆಟ್ಟ ವಾಕ್ಯ!

"ಸರ್, ನನಗೆ ಉತ್ತರ ಕೊಡೋ ಮೊದಲು ನಾನು ಈಗ ಹೇಳಿದ್ದು ಏನು ಅಂತ ನೀವೊಂದು ಸಲ ಹೇಳಿ. ನಾನು ಹೌದು ಅಂದ್ರೆ ಮುಂದಕ್ಕೆ ಹೋಗೋಣ."

"ಏನಂದೆ?"

"ಅದು ನಮ್ಮ ತರಗತಿಯ ನಿಯಮ ಸರ್."

"ಸರಿ. ನೀನು ಅರ್ಜಿ ವಾಪಸ್ ತಗೋತೀನಿ ಅಂತಿದೀಯ."

"ಇಲ್ಲ ಸರ್."

"ಹಾಗಾದ್ರೆ ನಾವು ಮೋಸ ಮಾಡಿದೀವಿ ಅಂತಿದೀಯ."

"ಆ ಪದ ನಾನು ಬಳಸಲಿಲ್ಲ. ನೀವೇ ತಂದ್ರಿ."

ನಾನೇ ಮುಂದುವರಿದೆ. "ಅರ್ಜಿ ವಾಪಸ್ ತಗೊಳ್ಳಲ್ಲ. ನೋಟ್ಸ್ ಬೇಕು ಅಂತ ಆಗಲೂ ಹೇಳಿದೆ, ಈಗಲೂ ಹೇಳ್ತೀನಿ. ಆದ್ರೆ ಇನ್ನೊಂದು ವಿಷಯ ಬರ್ಕೊಳ್ಳಿ. ಸಹಿ ಹಾಕಿದವರು ಯಾರಿಗೂ ನಾನು ಓದಿ ಹೇಳಲಿಲ್ಲ. ಹಾಗಾಗಿ ಉಳಿದ ನಲವತ್ತೊಂದು ಸಹಿ ನನ್ನ ಮೂರು ಪ್ಯಾರಾಕ್ಕೂ ಸಲ್ಲೋದಿಲ್ಲ, ನಿಮ್ಮ ನಾಲ್ಕಕ್ಕೂ ಸಲ್ಲೋದಿಲ್ಲ. ನನ್ನದೊಂದು ಮಾತ್ರ ಸಲ್ಲುತ್ತೆ."

ಕೋರ್ಟಿನ ಮರದ ಕೆಳಗಿನ ಕಾನೂನನ್ನು ಆ ಕೊಠಡಿಯಲ್ಲಿ ಹೇಳಿದ ಮೊದಲಿಗಳು ನಾನೇ ಇರಬೇಕು.

ಮುಖ್ಯಸ್ಥರು ಮೇಡಂ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

ಮೇಡಂ ಪ್ರಿನ್ಸಿಪಾಲರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಮೊದಲು ಇವರ ಮಾತು ಹೇಳ್ತೀನಿ. ಐದು ಸೆಮಿಸ್ಟರ್ ಒಂದು ಆಟಕ್ಕೆ ಒಂದು ನಿಯಮ ಅಂತ ಹೇಳಿ ಇವರನ್ನ ಆಡಿಸಿದ್ವಿ. ಇವರು ಅದನ್ನ ಎಲ್ಲರಿಗಿಂತ ಚೆನ್ನಾಗಿ ಆಡಿದ್ರು. ಆರನೇದರಲ್ಲಿ ನಾನು ಬಂದು ನಿಯಮ ಬದಲಾಯಿಸಿದೆ. ಎಲ್ಲವನ್ನೂ ಮಾತಾಡಿ ತೀರ್ಮಾನಿಸೋಣ ಅಂತ ಕಲಿಸೋಕೆ ಬಂದವಳು, ಹೀಗೆ ಕಲಿಸ್ಲಾ ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಇವರ ದೂರು ಅದು. ಇದೇ ತಾನೇ?"

ಅಷ್ಟು ನನ್ನ ಅರ್ಜಿಯಲ್ಲಿರಲಿಲ್ಲ. ಇರಬೇಕಿತ್ತು.

"ಹೌದು," ಎಂದೆ.

"ಹಾಗಾದ್ರೆ ದೂರು ಸರಿಯಾಗಿದೆ," ಎಂದರು ಮೇಡಂ. "ತಪ್ಪು ನನ್ನದು. ಸೋಮವಾರ ಕ್ಲಾಸಲ್ಲಿ ಕೇಳ್ತೀನಿ."

ನಾಲ್ಕನೆಯ ಪ್ಯಾರಾವನ್ನು ಕೈಬಿಟ್ಟರು. ಹಾವೂ ಸಾಯದ, ಕೋಲೂ ಮುರಿಯದ ಭಾಷೆಯಲ್ಲಿ ಗುಮಾಸ್ತೆ ಏನನ್ನೋ ಬರೆದುಕೊಂಡ. ಹೊರಡುವಾಗ ಪ್ರಿನ್ಸಿಪಾಲರು ಎದ್ದು ಬಾಗಿಲವರೆಗೆ ಬರಲಿಲ್ಲ. ಬಾಗಿಲು ಎಲ್ಲಿದೆಯೆಂದು ನನಗೆ ಗೊತ್ತು.

ಸೆಪ್ಟೆಂಬರ್ ೮, ಸೋಮವಾರ

ಮೇಡಂ ಕೇಳಿದರು. ಎಲ್ಲರೂ ಮಾತಾಡಿದರು. ನನ್ನ ಸಲಹೆ ಬಹುಮತದಿಂದ ಗೆದ್ದಿತು: ವಾರದಲ್ಲಿ ಒಂದು ಗಂಟೆ ನೋಟ್ಸ್, ಉಳಿದವು ಚರ್ಚೆ. ಇದು ರಾಜಿಯಲ್ಲ, ಗೆಲುವು.

ತೀರ್ಮಾನಕ್ಕೆ ಮೊದಲು ನಲವತ್ತೊಂದು ಜನರ ಎದುರು ನಿಂತು ಹಳೆಯ ಅರ್ಜಿಯನ್ನು ಪೂರ್ತಿ ಓದಿ ಹೇಳಿದೆ. "ಇದಕ್ಕಾ ನಾವು ಸಹಿ ಹಾಕಿದ್ದು?" ಎಂದ ಒಬ್ಬ. "ನಾನು ಹಾಸ್ಟೆಲ್ ನೀರಿನ ಅರ್ಜಿ ಅಂದ್ಕೊಂಡಿದ್ದೆ!"

ಸೆಪ್ಟೆಂಬರ್ ೧೦, ಬುಧವಾರ

ಇಂದು ನೋಟ್ಸ್. ಎಂಟು ಪುಟ. ನಿದ್ದೆ ಬಂತು. ಬಹುಶಃ ಸೆಕೆಗೆ.

ಸೆಪ್ಟೆಂಬರ್ ೧೭, ಬುಧವಾರ

ಹಾಜರಿಯ ಬಗ್ಗೆ ತರಗತಿಯ ಅರ್ಜಿ ಬರೆಯುವ ಕೆಲಸ ನನಗೇ ಬಂತು. ಬೇರೆ ಯಾರಿಗೆ ಬರಬೇಕು? ಪರೀಕ್ಷೆಗೆ ಕೂರಿಸದವರ ಪಟ್ಟಿಯನ್ನು ತಿಂಗಳ ಕೊನೆಗೆ ಅಂಟಿಸುತ್ತಾರೆ. ನಲವತ್ತೊಂದು ಜನರಿಗೂ ಅವರವರ ಮಾತನ್ನು ಓದಿ ಹೇಳಿ "ಹೌದು" ತೆಗೆದುಕೊಂಡಿದ್ದೆ. ಉಳಿದದ್ದು ಒಂದು.

ಸಂಜೆ ಲಾಂಡ್ರಿಗೆ ಹೋದೆ; ಇಂದು ಅವಳಿಗೆ ಸಂಜೆಯ ಪಾಳಿಯೂ ಇತ್ತು. ಬಸ್ ನಿಲ್ದಾಣದ ಹಿಂದಿನ ಓಣಿ, ತಗಡಿನ ಮಾಡು. ಒಳಗೆ ಹೆಜ್ಜೆಯಿಟ್ಟರೆ ಉಗಿ ಮುಖಕ್ಕೆ ಹೊಡೆಯುತ್ತದೆ. ಬಿಳಿ ಚಾದರಗಳ ಗುಡ್ಡದ ನಡುವೆ ಆಮೆ ಇಸ್ತ್ರಿ ಒತ್ತುತ್ತಿದ್ದಳು. ಅಲ್ಲಿ ಅವಳು ನಿಧಾನವಾಗಿರಲಿಲ್ಲ. ಒಂದು ಚಾದರ, ನಾಲ್ಕು ಎಳೆತ, ಎರಡು ಮಡಿಕೆ, ಮುಗಿಯಿತು. ಅಷ್ಟು ವೇಗದಲ್ಲಿ ನಾನು ಪುಟ ತಿರುಗಿಸಲಾರೆ.

ಓದಿದೆ: "'ಕೆಲಸ ಮಾಡುವ ವಿದ್ಯಾರ್ಥಿಗಳ ಪರಿಸ್ಥಿತಿಯನ್ನು ಪರಿಗಣಿಸಿ ವಿಶೇಷ ರಿಯಾಯಿತಿ...'"

"ರಿಯಾಯಿತಿ ಎಲ್ಲಿಂದ ಬಂತು? ನಾನು ಹಾಗೆ ಹೇಳಲಿಲ್ಲ ಅಂತ ಜುಲೈಯಿಂದ ಬಡ್ಕೋತಿದೀನಿ."

"ಸರಿ ಹಾಗಾದ್ರೆ, ಹೇಳು." ಪೆನ್ನು ಎತ್ತಿದೆ.

ಅವಳು ಪೆನ್ನನ್ನೊಮ್ಮೆ ನೋಡಿ ಮತ್ತೆ ಇಸ್ತ್ರಿ ಒತ್ತತೊಡಗಿದಳು. ಒಂದು ಚಾದರ ಮುಗಿಯಿತು. ಇನ್ನೊಂದು ಮುಗಿಯಿತು. ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟೆ.

"ಎರಡನೇ ವರ್ಷದಲ್ಲಿ ನಾನು ಹದಿನೇಳು ದಿನ ಬರಲಿಲ್ಲ," ಎಂದಳು. "ಅಮ್ಮಂಗೆ ಆಪರೇಷನ್. ವಾಪಸ್ ಬಂದಾಗ ಯಾರೂ ಏನೂ ಕೇಳ್ಲಿಲ್ಲ. ಬಯ್ಯಲೂ ಇಲ್ಲ ಕಣೇ! ಮೇಷ್ಟ್ರು ಬರೆಸ್ತಿದ್ರು, ನೀವೆಲ್ಲ ಬರೀತಿದ್ರಿ. ಪಕ್ಕದವಳ ಪುಸ್ತಕ ತಗೊಂಡೆ, ಎರಡು ದಿನದಲ್ಲಿ ಬರ್ಕೊಂಡೆ, ಮುಗೀತು. ನಾನು ಇರಲಿಲ್ಲ ಅಂತ ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಒಂದಕ್ಕೇ."

ಇಸ್ತ್ರಿ ಎತ್ತಿ ನಿಲ್ಲಿಸಿದಳು.

"ನಿಯಮ ಇರ್ಲಿ. ಆದ್ರೆ..."

"ತಾಳು," ಎಂದೆ. "ನಾನು ಹೇಳ್ತೀನಿ. ನೀನು ಬರದೇ ಇದ್ದ ದಿನ ತರಗತಿಗೆ ಏನೋ ಕಡಿಮೆ ಆಗ್ಬೇಕು. ಹಾಗಿರೋ ತರಗತಿಗೆ ಮಾತ್ರ ಬಾ ಅಂತ ಕಡ್ಡಾಯ ಮಾಡೋ ಹಕ್ಕಿದೆ. ಯಾರು ಇದ್ರೂ ಇಲ್ದಿದ್ರೂ ಒಂದೇ ಅನ್ನೋ ಕಡೆ ತಲೆ ಎಣಿಸಿ ಶಿಕ್ಷೆ ಕೊಡೋ ಹಕ್ಕಿಲ್ಲ. ನೀನು ಕೇಳ್ತಿರೋದು ರಿಯಾಯಿತಿ ಅಲ್ಲ. ನಿನ್ನ ಕುರ್ಚಿಗೆ ಬೆಲೆ."

ಉಗಿಯೊಳಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಹೌದು," ಎಂದಳು. ಮತ್ತೆ ಇಸ್ತ್ರಿ ಹಿಡಿದು, "ಇಷ್ಟಕ್ಕೆ ಎರಡು ತಿಂಗಳು ತಗೊಂಡ್ಯಲ್ಲೇ. ನಮ್ಮಿಬ್ಬರಲ್ಲಿ ಆಮೆ ಯಾರು?"

ಮನೆ ಮುಟ್ಟುವಷ್ಟರಲ್ಲಿ ಮೂರು ಪ್ರತಿಯುತ್ತರ ಹೊಳೆದವು. ಯಾವುದೂ ಅಷ್ಟು ಚೆನ್ನಾಗಿರಲಿಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ಪದಕದ ಶಿಫಾರಸು ಪಟ್ಟಿ ಬೆಳಿಗ್ಗೆ ಫಲಕಕ್ಕೆ ಬಂತು. ಎರಡನೆಯ ಸ್ಥಾನದವನ ಹೆಸರಿದೆ. ಪಾಪ, ಅವನೇ ಬಂದು ಕ್ಷಮೆ ಕೇಳಿದ. "ನಿನ್ನ ತಪ್ಪೇನಿಲ್ಲ," ಎಂದೆ. "ಅಂಕಪಟ್ಟಿಯನ್ನ ಅವರು ಟೈಪ್ ಮಾಡ್ಸೋಕಾಗಲ್ಲ. ಮೊದಲ ಸ್ಥಾನ ನನ್ನದೇ. ಪದಕ ನೀನೇ ಇಟ್ಕೋ, ಆಗಾಗ ಒರೆಸ್ತಾ ಇರು."

ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಹೇಳಿದಾಗ ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಊಟಕ್ಕೆ ಬಂದಿದ್ದ ಅಪ್ಪ, "ಹಾಜರಿ ಅರ್ಜಿಗೆ ಸಾಕ್ಷ್ಯ ಏನು ಲಗತ್ತಿಸ್ತೀಯ?" ಎಂದರು. ಬರೀ ವಾದಕ್ಕೆ ಕೋರ್ಟಿನಲ್ಲಿ ಕಿವಿ ಕೊಡುವುದಿಲ್ಲವಂತೆ. ಒಬ್ಬಳು ಬಾರದೆ ಒಂದು ತರಗತಿಗೆ ನಷ್ಟವಾಯಿತೆಂದು ಯಾರಾದರೂ ಆ ದಿನವೇ ಬರೆದಿಟ್ಟ ಕಾಗದ ಬೇಕು. ದಿನಾಂಕ ಸಹಿತ, ಉತ್ಪ್ರೇಕ್ಷೆಯಿಲ್ಲದೆ.

ಅಂಥ ಕಾಗದ ಒಂದೇ ಒಂದಿತ್ತು.

ಆಗಸ್ಟ್ ಐದರ ಹಾಳೆಯನ್ನು ನಾನೇ ಅಂಚು ಹರಿಯದಂತೆ ಬಿಡಿಸಿದೆ. ಅಪ್ಪ ಅದರ ನಕಲು ಟೈಪ್ ಮಾಡಿ ಇಲ್ಲಿ ಅಂಟಿಸಿಕೊಟ್ಟರು. ಕೆಂಪು ಗೆರೆ ನಕಲಿನಲ್ಲಿ ಬರುವುದಿಲ್ಲವೆಂದು ಪೇಚಾಡಿದರು. ಅಸಲಿನಲ್ಲಿದೆ, ಸಾಕು.

ಮಧ್ಯಾಹ್ನ ಎರಡಕ್ಕೆ ಪ್ರಿನ್ಸಿಪಾಲರ ಕೊಠಡಿ. ನನ್ನ ಜೊತೆ ಆಮೆ ಬಂದಳು. ಐದು ನಿಮಿಷ ಮೊದಲೇ ಬಂದು ನನಗಾಗಿ ಕಾಯುತ್ತಿದ್ದಳು. ಪ್ರಿನ್ಸಿಪಾಲರು ಅರ್ಜಿಯನ್ನು ಬದಿಗಿಟ್ಟು, ಲಗತ್ತಿಸಿದ ಹಾಳೆಯನ್ನು ಮಾತ್ರ ಎತ್ತಿ ಓದಿದರು.

"ಇದು ನಿನ್ನ ಡೈರಿ ಅಲ್ವೇನಮ್ಮ? ಗೆದ್ದೆ ಅಂತೀಯ, ಮೈ ನೋಯಿಸ್ಕೊಂಡೆ ಅಂತೀಯ, ನಾಲ್ಕು ಸಲ ಬಾಗಿಲು ನೋಡ್ದೆ ಅಂತೀಯ. ಇದನ್ನ ಕಡತಕ್ಕೆ ಹಾಕಿದ್ರೆ ನಾಳೆ ಯಾರು ಬೇಕಾದ್ರೂ ಓದ್ತಾರೆ. ನಾಚಿಕೆ ಆಗಲ್ವಾ?"

ಪಕ್ಕದಲ್ಲಿ ಆಮೆ ಆ ಹಾಳೆಯ ಕಡೆ ತಿರುಗಿದಳು. ಅವಳಿಗೂ ಇದು ಹೊಸ ಸಂಗತಿ.

"ಇಲ್ಲ ಸರ್," ಎಂದೆ. "ಕಡತಕ್ಕೆ ಹಾಕಿ. ಅರ್ಜಿಯನ್ನೂ ಓದಿ."

"ಇಟ್ಟು ಹೋಗಿ. ಪುರುಸೊತ್ತಾದಾಗ ನೋಡ್ತೀನಿ."

"ನಿಮಗೆ ತೊಂದರೆ ಬೇಡ. ನಾನೇ ಓದಿ ಹೇಳ್ತೀನಿ."

ಕೂರಲು ಹೇಳಲಿಲ್ಲ. ಆಮೆ ಬಾಗಿಲು ಮುಚ್ಚಿ ಬಂದು ಪಕ್ಕದಲ್ಲಿ ನಿಂತಳು. ನಿಂತೇ ಓದಿದೆ, ಮೊದಲ ಸಾಲಿನಿಂದ, ನಿಧಾನವಾಗಿ.